ಒಂದೇ ಜೋಡಿ ಆಲ್-ಮೌಂಟನ್ ಸ್ಕೀ ಕೊಳ್ಳುವುದಾದರೆ 88ರಿಂದ 100 ಮಿ.ಮೀ. ನಡುವೆ ಯಾವುದು?

ಬಸವನಗುಡಿ_ಇಳಿಜಾರು

ಎಲ್ಲರಿಗೂ ನಮಸ್ಕಾರ. ಔಲಿಯಲ್ಲಿ ಸ್ಕೀಯಿಂಗ್ ಕಲಿತು, ಈಗ ರಜೆ ಸಿಕ್ಕಾಗಲೆಲ್ಲ ಗುಲ್ಮಾರ್ಗ್‌ಗೆ ಹೋಗುವವನು ನಾನು. ಯಂತ್ರದಿಂದ ಗ್ರೂಮ್ ಮಾಡಿದ (ಒತ್ತಿ ಸಮ ಮಾಡಿದ) ಇಳಿಜಾರಿನಲ್ಲಿ ಎರಡೂ ಸ್ಕೀಗಳನ್ನು ಸಮಾನಾಂತರವಾಗಿಟ್ಟು ತಿರುಗುವುದು ಸಲೀಸಾಗಿ ಬರುತ್ತದೆ. ಮೊಣಕಾಲುದ್ದದ ಹೊಸ ಹಿಮದಲ್ಲಿಯೂ ಬರುತ್ತದೆ ಎಂದರೆ ಜೊತೆಗೆ ಬಂದವರು ನಗುತ್ತಾರೆ. ತೂಕ 72 ಕಿಲೋ, ಎತ್ತರ 175 ಸೆಂ.ಮೀ.

ಇದುವರೆಗೆ ಬಾಡಿಗೆಯ ಸ್ಕೀಗಳಲ್ಲೇ ಕಾಲ ತಳ್ಳಿದ್ದೇನೆ. ಕಳೆದ ಸಲ ಒಂದು ಅಂಗಡಿಯವರು ಕೊಟ್ಟ ಜೋಡಿಯಲ್ಲಿ ಉಕ್ಕಿನ ಅಂಚು ಸರಿಯಾಗಿ ಬೂಟಿನ ಕೆಳಗೇ ತುಕ್ಕು ಹಿಡಿದು ಒರಟಾಗಿತ್ತು; ತಳದಲ್ಲಿ ಕಲ್ಲು ಗೀರಿದ ಗಾಯ ಉಗುರು ಸಿಕ್ಕಿಕೊಳ್ಳುವಷ್ಟು ಆಳವಾಗಿತ್ತು. ಆದ್ದರಿಂದ ಸ್ವಂತದ್ದೊಂದನ್ನು ಕೊಳ್ಳಬೇಕೆಂದಿದ್ದೇನೆ. ಮ್ಯೂನಿಕ್‌ನಿಂದ ಬರುವ ಸಹೋದ್ಯೋಗಿಯೊಬ್ಬರು ತಂದುಕೊಡಲು ಒಪ್ಪಿದ್ದಾರೆ. ಪಟ್ಟಿಯಲ್ಲಿ ಉಳಿದಿರುವುದು ವೋಲ್ಕ್ಲ್ ಕೆಂಡೊ 88, ಟೈಟಾನಿಯಂ ಹಾಳೆಗಳಿರುವ ನಾರ್ಡಿಕಾ ಎನ್‌ಫೋರ್ಸರ್ 94, ಎಲಾನ್ ರಿಪ್‌ಸ್ಟಿಕ್ 96 ಮತ್ತು ಅಟಾಮಿಕ್ ಬೆಂಟ್ 100. ಹೆಸರಿನ ಪಕ್ಕದ ಅಂಕೆ ಸ್ಕೀಯ ನಡುವಿನ ಅಗಲ ಎಂಬುದು ಇಲ್ಲಿಯವರಿಗೆ ಗೊತ್ತೇ ಇದೆ. ಎಲ್ಲ ಬಗೆಯ ಹಿಮಕ್ಕೂ ಒಂದೇ ಜೋಡಿ ಸಾಕಾಗುವುದಾದರೆ ಅದು ಯಾವುದು?

ಅಂಚುಪ್ರಿಯ

ಪಟ್ಟಿಯ ಮೊದಲನೆಯದನ್ನೇ ತೆಗೆದುಕೊಳ್ಳಿ. ಆಲ್ಪೈನ್ ಬೂಟಿನ ಅಟ್ಟೆಯು ಮುಂಭಾಗದಲ್ಲಿ ಸುಮಾರು 69 ಮಿ.ಮೀ. ಅಗಲವಿರುತ್ತದೆ. 100 ಮಿ.ಮೀ. ಸ್ಕೀ ಹಾಕಿದರೆ ಅಂಚು ಬೂಟಿನಿಂದ ಹದಿನೈದು ಮಿ.ಮೀ. ಹೊರಗೆ ಹೋಗಿ ಕೂರುತ್ತದೆ. 88ರಲ್ಲಿ ಅದು ಒಂಬತ್ತೂವರೆಗೆ ಇಳಿಯುತ್ತದೆ. ಈ ಐದಾರು ಮಿ.ಮೀ. ಕಾಗದದ ಮೇಲೆ ಏನೂ ಅಲ್ಲವೆಂದು ಕಂಡರೂ, ಬೆಳಗಿನ ಹೆಪ್ಪುಗಟ್ಟಿದ ಇಳಿಜಾರಿನಲ್ಲಿ ಸ್ಕೀಯನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊರಳಿಸುವಾಗ ಪ್ರತಿ ತಿರುವಿನಲ್ಲೂ ಪಾದದ ಕೀಲಿಗೆ ಅದರ ಲೆಕ್ಕ ಸಿಗುತ್ತದೆ. ನೀವು ಗಟ್ಟಿ ಹಿಮದಲ್ಲಿ ಚೆನ್ನಾಗಿ ತಿರುಗುತ್ತೀರಿ ಎಂದಿದ್ದೀರಿ. ಅದನ್ನು ಇನ್ನಷ್ಟು ಚೆನ್ನಾಗಿ ಮಾಡಿಸುವ ಸ್ಕೀ ಕೊಳ್ಳಿ.

ಅಫರ್ವತ್_ಹುಚ್ಚು

88? ಗುಲ್ಮಾರ್ಗ್‌ಗೆ? ಅಂಚುಪ್ರಿಯ ಅವರು ಆಸ್ಟ್ರಿಯಾದ ಯಾವುದೋ ಕಣಿವೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸುತ್ತಿದ್ದಾರೆ ಎಂದು ತೋರುತ್ತದೆ. ಗುಲ್ಮಾರ್ಗ್‌ನ ಗೊಂಡೋಲಾ ಎಂಬ ರೋಪ್‌ವೇಯ ಮೊದಲ ಹಂತ ಸುಮಾರು 2,650 ಮೀಟರ್ ಎತ್ತರದಿಂದ ಕೊಂಗ್ದೂರಿಯ 3,100 ಮೀಟರ್‌ವರೆಗೆ, 2005ರಲ್ಲಿ ಆರಂಭವಾದ ಎರಡನೆಯ ಹಂತ ಅಲ್ಲಿಂದ ಅಫರ್ವತ್ ಶಿಖರದ ಭುಜದ ಮೇಲೆ ಸುಮಾರು 3,950 ಮೀಟರ್‌ವರೆಗೆ ಒಯ್ಯುತ್ತದೆ. ಆ ಎರಡನೆಯ ಹಂತದ ಮೇಲೆ ಗ್ರೂಮ್ ಮಾಡಿದ ಜಾಗವೆಷ್ಟಿದೆ ಎಂದು ಅಲ್ಲಿಗೆ ಹೋದವರಿಗೆ ಗೊತ್ತು. ಚಳಿಗಾಲದಲ್ಲಿ ಹಿಮ ತರುವ ಪಶ್ಚಿಮದ ಹವಾಮಾನ ಕ್ಷೋಭೆಯೊಂದು ಬಂದುಹೋದ ಮರುದಿನ ಅಲ್ಲಿ ಬೀಳುವ ಹಗುರವಾದ, ಒಣ ಹಿಮಕ್ಕಾಗಿಯೇ ಜಗತ್ತಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಅಂಥಲ್ಲಿಗೆ ಇಲ್ಲಿಂದ ಅಷ್ಟು ದೂರ ಹೋಗಿ 88ರ ಮೇಲೆ ಮುಳುಗುವುದರಲ್ಲಿ ಅರ್ಥವಿಲ್ಲ.

100ಕ್ಕಿಂತ ಕೆಳಗೆ ನೋಡಲೇಬೇಡಿ. ನನ್ನ ಬಳಿ ಇರುವುದು 108.

ಮಲ್ಲೇಶ್ವರದ_ಮಂಜಪ್ಪ

ಒಬ್ಬರು 88 ಎನ್ನುತ್ತಾರೆ, ಇನ್ನೊಬ್ಬರು 108 ಎನ್ನುತ್ತಾರೆ. ಪ್ರಶ್ನೆ ಕೇಳಿದವರು 98 ಕೊಂಡು ಇಬ್ಬರನ್ನೂ ದೂರುವುದು ಖಚಿತ.

ಅಂಚುಪ್ರಿಯ

ಆ ಕನಸಿನ ದಿನ ಎಷ್ಟು ಸಲ ಬರುತ್ತದೆ ಎಂಬುದನ್ನೂ ಹೇಳಬೇಕಲ್ಲವೇ? 2024ರ ಜನವರಿಯ ಬಹುಪಾಲು ಗುಲ್ಮಾರ್ಗ್‌ನ ಬಯಲಿನಲ್ಲಿ ಒಣ ಹುಲ್ಲು ಕಾಣುತ್ತಿತ್ತು. 2025ರಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಹಂತವನ್ನು ಹಿಮವಿಲ್ಲದ ಕಾರಣಕ್ಕೆ ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೂಡಿದರು. ಬೆಂಗಳೂರಿನಲ್ಲಿ ಕೆಲಸ ಮಾಡುವವರು ರಜೆಯನ್ನು ಎರಡು ತಿಂಗಳು ಮೊದಲೇ ಬರೆದುಕೊಡಬೇಕು. ಕ್ಷೋಭೆ ಬರುವ ದಿನವನ್ನು ಮೇಲಧಿಕಾರಿಗೆ ಮೊದಲೇ ತಿಳಿಸಲು ಸಾಧ್ಯವಿಲ್ಲ. ರಜೆಯ ವಾರದಲ್ಲಿ ಸಿಗುವುದು ಹೆಚ್ಚಾಗಿ ಹಳೆಯ, ತುಳಿದ, ರಾತ್ರಿ ಹೆಪ್ಪುಗಟ್ಟಿದ ಹಿಮವೇ.

ಅಫರ್ವತ್_ಹುಚ್ಚು

ಹಿಮವಿಲ್ಲದ ವರ್ಷಕ್ಕಾಗಿ ಸ್ಕೀ ಕೊಳ್ಳುವುದಾದರೆ ಕೊಳ್ಳದೆಯೇ ಇರಬಹುದು. ಅಂಥ ವಾರಕ್ಕೆ ಬಾಡಿಗೆ ಸ್ಕೀ ಸಾಕು. ಅಗಲವಾದ, ಸುಸ್ಥಿತಿಯಲ್ಲಿರುವ ಜೋಡಿ ಮಾತ್ರ ಹಿಮ ಬಿದ್ದ ಮರುದಿನ ಯಾವ ಅಂಗಡಿಯಲ್ಲೂ ಉಳಿದಿರುವುದಿಲ್ಲ.

ಮಿಶ್ರಲೋಹ

ಮೊದಲು ಒಂದು ತಿದ್ದುಪಡಿ. ಎನ್‌ಫೋರ್ಸರ್‌ನಂಥ ಸ್ಕೀಗಳಲ್ಲಿರುವ ಹಾಳೆ ಟೈಟಾನಿಯಂ ಅಲ್ಲ. ಅದು ಟೈಟಾನಲ್ ಎಂಬ ವ್ಯಾಪಾರನಾಮದ, ಆಸ್ಟ್ರಿಯಾದಲ್ಲಿ ತಯಾರಾಗುವ, ಬಲವಾದ ಅಲ್ಯೂಮಿನಿಯಂ ಮಿಶ್ರಲೋಹ. ಮಾದರಿಯ ಹೆಸರಿನ ಕೊನೆಗೆ 'ಟಿಐ' ಎಂದು ಮುದ್ರಿಸಿ ಕಂಪನಿಗಳು ಈ ಗೊಂದಲವನ್ನು ತಾವಾಗಿಯೇ ಪರಿಹರಿಸುವ ಉತ್ಸಾಹವನ್ನೇನೂ ತೋರಿಸುತ್ತಿಲ್ಲ.

ಇದು ಬರಿಯ ಹೆಸರಿನ ಜಗಳವಲ್ಲ, ಏಕೆಂದರೆ ಮೇಲಿನ ಇಬ್ಬರೂ ಅಗಲವೊಂದನ್ನೇ ಹಿಡಿದು ಜಗ್ಗುತ್ತಿದ್ದಾರೆ. ಒಂದೇ ಅಗಲದ ಎರಡು ಸ್ಕೀಗಳು, ಒಂದರಲ್ಲಿ ಲೋಹದ ಹಾಳೆಯಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಒಂದೇ ಹಿಮದ ಮೇಲೆ ಎರಡು ಬೇರೆ ಪ್ರಾಣಿಗಳಾಗುತ್ತವೆ. ಲೋಹದ ಹಾಳೆ ಸ್ಕೀಯನ್ನು ತಿರುಚಲು ಕಷ್ಟವಾಗುವಂತೆ ಮಾಡುತ್ತದೆ, ಆದ್ದರಿಂದ ಗಟ್ಟಿ ಹಿಮದಲ್ಲಿ ತುದಿಯಿಂದ ಬಾಲದವರೆಗೆ ಅಂಚು ಬಿಡದೆ ಕಚ್ಚುತ್ತದೆ. ಅದರ ಕೆಳಗಿನ ರಬ್ಬರ್ ಪದರದೊಂದಿಗೆ ಸೇರಿ ಕಂಪನವನ್ನೂ ನುಂಗುತ್ತದೆ. ಮೇಲಾಗಿ ಒಂದೊಂದು ಸ್ಕೀಗೂ ಕೆಲವು ನೂರು ಗ್ರಾಂ ತೂಕ ಕೂಡುತ್ತದೆ. ಹತ್ತಾರು ಜನ ಉತ್ತು ಹಾಕಿದ, ಗುಡ್ಡೆ ಗುಂಡಿಗಳ ಹಿಮದಲ್ಲಿ ಆ ತೂಕವೇ ಸ್ಕೀಯನ್ನು ಹಾದಿ ತಪ್ಪದಂತೆ ಹಿಡಿದು ನಡೆಸುತ್ತದೆ. ಬೆಂಟ್ 100 ಹಗುರವಾದ ಮರದ ತಿರುಳಿನ ಸ್ಕೀ. ಆಳವಾದ ಮೆತ್ತನೆಯ ಹಿಮದಲ್ಲಿ ಅದು ಆಟಿಕೆಯಷ್ಟು ಸುಲಭ, ಅದೇ ಇಳಿಜಾರು ಮಧ್ಯಾಹ್ನದ ಹೊತ್ತಿಗೆ ಚೂರುಚೂರಾದಾಗ ತುದಿ ಅತ್ತಿತ್ತ ಹೊಡೆದುಕೊಳ್ಳುತ್ತದೆ. ರಿಪ್‌ಸ್ಟಿಕ್‌ನಲ್ಲಿ ಲೋಹವಿಲ್ಲ, ಕಾರ್ಬನ್ ಕೊಳವೆಗಳಿವೆ. ಎಡ ಬಲ ಸ್ಕೀಗಳೇ ಬೇರೆಬೇರೆ, ಒಳ ಅಂಚಿನ ಕಡೆ ಹೆಚ್ಚು ಬಿಗಿ.

ಕೊಂಗ್ದೂರಿ_ಕಾಯಕ

ಇಲ್ಲಿ ಎಲ್ಲರೂ ಹಿಮವನ್ನು ದಿನಗಳ ಲೆಕ್ಕದಲ್ಲಿ ಹಂಚುತ್ತಿದ್ದೀರಿ: ಪೌಡರ್ (ಹೊಸದಾಗಿ ಬಿದ್ದ ಹಗುರ ಹಿಮದ) ದಿನ, ಗಟ್ಟಿ ಹಿಮದ ದಿನ. ಗುಲ್ಮಾರ್ಗ್‌ನ ಮಟ್ಟಿಗೆ ಆ ಹಂಚಿಕೆಯೇ ಸರಿಯಲ್ಲ. ಅಲ್ಲಿ ಹಿಮ ಬದಲಾಗುವುದು ದಿನದಿಂದ ದಿನಕ್ಕಲ್ಲ, ಎತ್ತರದಿಂದ ಎತ್ತರಕ್ಕೆ. ಎರಡನೆಯ ಹಂತದ ತುದಿಯಿಂದ ಊರಿನವರೆಗೆ 1,300 ಮೀಟರ್ ಇಳಿಯುವ ಒಂದೇ ಓಟದಲ್ಲಿ ನಿಮ್ಮ ಸ್ಕೀ ನಾಲ್ಕೈದು ಬಗೆಯ ಹಿಮವನ್ನು ದಾಟುತ್ತದೆ. ಫೆಬ್ರವರಿಯ ಮಧ್ಯಭಾಗದ, ಹಿಮ ಬಿದ್ದು ಎರಡು ದಿನ ಕಳೆದ ಒಂದು ಬೆಳಿಗ್ಗೆಯನ್ನು ತೆಗೆದುಕೊಳ್ಳಿ.

ಗೊಂಡೋಲಾದಿಂದ ಹೊರಬಂದ ಕೂಡಲೇ ಕಾಲಿಗೆ ಸಿಗುವುದು ಗಾಳಿ ಬಡಿದ ಹಿಮ. ಮೇಲ್ಮೈ ಗೆರೆಗೆರೆಯಾಗಿ, ಅಲೆಯಲೆಯಾಗಿ ಗಟ್ಟಿಯಾಗಿರುತ್ತದೆ. ಸ್ಕೀಯ ಕೆಳಗೆ ಕರಕರ ಎಂಬ ಟೊಳ್ಳು ಸದ್ದು ಬರುತ್ತದೆ. ಇಲ್ಲಿ ಅಗಲಕ್ಕೆ ಕೆಲಸವಿಲ್ಲ. ಬೇಕಾಗಿರುವುದು ಬೂಟಿನ ಕೆಳಗೆ ಕ್ಯಾಂಬರ್ (ಸ್ಕೀಯ ನಡುಭಾಗ ಕಮಾನಿನಂತೆ ಮೇಲೆದ್ದಿರುವ ಬಾಗು) ಮತ್ತು ಹರಿತವಾದ ಅಂಚು. ತುದಿಯಿಂದ ಬಾಲದವರೆಗೆ ಪೂರಾ ಮೇಲಕ್ಕೆ ಬಾಗಿದ ಸ್ಕೀಯಾದರೆ ಮಧ್ಯದ ಒಂದಿಷ್ಟು ಭಾಗದ ಮೇಲೆ ಮಾತ್ರ ನಿಂತು ಗಿರಗಿರ ತಿರುಗುವ ಭಯ ಹುಟ್ಟುತ್ತದೆ.

ನೂರು ಇನ್ನೂರು ಮೀಟರ್ ಇಳಿದು ಗಾಳಿ ತಲುಪದ ಓರೆಗೆ ಬಂದರೆ ಹಿಮ ಇನ್ನೂ ಒಣಗಿದೆ, ತಣ್ಣಗಿದೆ. ಹೊಸದಾಗಿ ಬಿದ್ದ ಒಣ ಹಿಮ ಘನ ಮೀಟರ್‌ಗೆ 50ರಿಂದ 100 ಕಿಲೋ ತೂಗಿದರೆ, ಯಂತ್ರ ಹಾಯಿಸಿದ ಇಳಿಜಾರಿನ ಹಿಮ 400ರಿಂದ 500 ಕಿಲೋ ತೂಗುತ್ತದೆ. ಅಷ್ಟು ಹಗುರವಾದ ವಸ್ತುವಿನ ಮೇಲೆ ನಿಲ್ಲಲು ಅಗಲ ಬೇಕು ಎಂಬಲ್ಲಿ ಅಫರ್ವತ್_ಹುಚ್ಚು ಅವರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಅಗಲದಷ್ಟೇ ಕೆಲಸವನ್ನು ಮುಂದಿನ ತುದಿಯ ರಾಕರ್, ಅಂದರೆ ತುದಿ ಮೇಲಕ್ಕೆ ಎದ್ದಿರುವ ಬಾಗು, ಮಾಡುತ್ತದೆ, ಮತ್ತು ಇವೆರಡಕ್ಕಿಂತ ಹೆಚ್ಚಿನ ಕೆಲಸವನ್ನು ವೇಗ ಮಾಡುತ್ತದೆ. ಹೆದರಿ ಹಿಂದಕ್ಕೆ ಕುಳಿತು ನಿಧಾನಿಸಿದವರು 108ರ ಮೇಲೂ ಮುಳುಗುತ್ತಾರೆ.

ಕೊಂಗ್ದೂರಿಯ ಹತ್ತಿರ ಬಿಸಿಲು ಬಿದ್ದ ಕಡೆಯಲ್ಲಿ ಕಾಯುತ್ತಿರುವುದು ಎಲ್ಲಕ್ಕಿಂತ ಕೆಟ್ಟದ್ದು: ಹಿಂದಿನ ಮಧ್ಯಾಹ್ನ ಕರಗಿ ರಾತ್ರಿ ಹೆಪ್ಪುಗಟ್ಟಿದ ತೆಳುವಾದ ಪದರ, ಕೆಳಗೆ ಸಡಿಲ ಹಿಮ. ನಿಂತರೆ ತಾಳುತ್ತದೆ, ತಿರುಗಲು ಒತ್ತಿದರೆ ಒಡೆಯುತ್ತದೆ. ಅಲ್ಲಿಂದ ಕೆಳಗೆ ಕಾಡಿನೊಳಗೆ, ಬಾಬಾ ರೇಶಿ ದರ್ಗಾದ ಕಡೆಗೆ, ಮರದ ನೆರಳಿನಲ್ಲಿ ಹಿಮ ಮತ್ತೆ ಮೆತ್ತಗಾಗುತ್ತದೆ; ಆದರೆ ಎತ್ತರ ಕಡಿಮೆಯಾದ್ದರಿಂದ ಭಾರವಾಗಿರುತ್ತದೆ, ಮರಗಳ ನಡುವೆ ತಟ್ಟನೆ ತಿರುಗುವ, ಬಾಲ ಸಿಕ್ಕಿಹಾಕಿಕೊಳ್ಳದ ಸ್ಕೀಯನ್ನೇ ಬೇಡುತ್ತದೆ. ಊರಿನ ಹತ್ತಿರದ ಕೊನೆಯ ಹಾದಿಯಂತೂ ಎಲ್ಲರೂ ಜಾರಿ ಜಾರಿ ಗಾಜಾಗಿರುತ್ತದೆ.

ಮಾರ್ಚ್‌ನಲ್ಲಿ ಇದೇ ಇಳಿಜಾರು ಬೇರೆಯೇ ಊರು. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವುದು ಹಲವು ದಿನ ನಡೆದ ಮೇಲೆ ಹಿಮದ ಕಣಗಳು ನೆನೆಸಿದ ಸಬ್ಬಕ್ಕಿಯಂತೆ ದುಂಡಗಾಗಿ ಬಿಡಿಬಿಡಿಯಾಗುತ್ತವೆ. ಬೆಳಗಿನ ಬಿಸಿಲಿಗೆ ಮೇಲಿನ ಒಂದೆರಡು ಸೆಂ.ಮೀ. ಸಡಿಲವಾದ ಆ ಗಂಟೆಯಲ್ಲಿ 88 ಆಗಲಿ 108 ಆಗಲಿ ಯಾವ ಸ್ಕೀಯೂ ಕೆಟ್ಟದ್ದಲ್ಲ. ಅದೇ ಹಿಮ ಮಧ್ಯಾಹ್ನ ಎರಡರ ಹೊತ್ತಿಗೆ ಕೆಸರು.

ಆದ್ದರಿಂದ ನನ್ನ ಉತ್ತರ 94ರಿಂದ 98ರ ನಡುವೆ, ಬೂಟಿನ ಕೆಳಗೆ ಕ್ಯಾಂಬರ್, ಮುಂದೆ ಸಾಕಷ್ಟು ರಾಕರ್, ಹಿಂದೆ ಸ್ವಲ್ಪವೇ ರಾಕರ್. ಯಾವುದೋ ಒಂದು ಹಿಮದಲ್ಲಿ ಮೆರೆಯುವ ಸ್ಕೀಗಿಂತ, ಈ ಐದರಲ್ಲಿ ಯಾವುದರಲ್ಲೂ ನಿಮ್ಮನ್ನು ಬೀಳಿಸದ ಸ್ಕೀಯನ್ನು ಹುಡುಕಿ.

ಬಸವನಗುಡಿ_ಇಳಿಜಾರು

ಆ ಒಡೆಯುವ ಪದರದ ಬಗ್ಗೆ ಇನ್ನಷ್ಟು ತಿಳಿಸಿ. ಅದರಲ್ಲಿ ಯಾವ ಸ್ಕೀ ಮೇಲು? ಜೊತೆಗೆ ಬಂದವರು ನಗುವುದು ಹೆಚ್ಚಾಗಿ ಅಲ್ಲಿಯೇ.

ಕೊಂಗ್ದೂರಿ_ಕಾಯಕ

ಯಾವುದೂ ಮೇಲಲ್ಲ. ಕಡಿಮೆ ಕೆಟ್ಟದ್ದು ಯಾವುದೆಂದರೆ, ತುದಿ ಅಗಲವಾಗಿದ್ದು ಬಿಗಿಯಾಗಿರುವುದು. ಮೃದುವಾದ ತುದಿ ಪದರದ ಅಡಿಗೆ ನುಗ್ಗಿ ಸಿಕ್ಕಿಹಾಕಿಕೊಳ್ಳುತ್ತದೆ. ಉಳಿದದ್ದೆಲ್ಲ ಕಾಲಿನ ಕೆಲಸ: ಗಟ್ಟಿ ಇಳಿಜಾರಿನ ಅಭ್ಯಾಸದಂತೆ ಹೊರಗಿನ ಕಾಲಿನ ಮೇಲೆ ಭಾರ ಹಾಕಿದರೆ ಆ ಒಂದು ಸ್ಕೀ ಮಾತ್ರ ಪದರವನ್ನು ಒಡೆದು ಒಳಗಿಳಿಯುತ್ತದೆ, ಇನ್ನೊಂದು ಮೇಲೆಯೇ ಓಡುತ್ತದೆ, ನೀವು ಅವೆರಡರ ನಡುವೆ ಬೀಳುತ್ತೀರಿ. ಎರಡೂ ಕಾಲಿನ ಮೇಲೆ ಸಮನಾಗಿ ನಿಂತು, ನಿಧಾನವಾಗಿ ದೊಡ್ಡ ತಿರುವು ಹಾಕಿ. ಅದೂ ಆಗದಿದ್ದರೆ ಅಡ್ಡಲಾಗಿ ಜಾರಿ ಆ ಜಾಗ ದಾಟಿಕೊಳ್ಳಿ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಕೊಡಗಿನ_ಕುಡಿ

ಇಷ್ಟೆಲ್ಲ ಅಂಕೆಗಳ ನಡುವೆ ಸ್ಕೀ ಮೇಲೆ ನಿಲ್ಲುವವರ ತೂಕದ ಮಾತು ಬರಲೇ ಇಲ್ಲ. ನಾನು 58 ಕಿಲೋ. ಬೂಟು, ಚೀಲ, ಬಟ್ಟೆ ಸೇರಿ 65 ಎಂದಿಟ್ಟುಕೊಳ್ಳಿ. 165 ಸೆಂ.ಮೀ. ಉದ್ದದ 88 ಮಿ.ಮೀ. ಸ್ಕೀಯ ಸರಾಸರಿ ಅಗಲ ಸುಮಾರು 10.3 ಸೆಂ.ಮೀ. ಆದರೆ ಎರಡೂ ಸ್ಕೀ ಸೇರಿ 3,400 ಚದರ ಸೆಂ.ಮೀ., ಅಂದರೆ ಚದರ ಸೆಂಟಿಮೀಟರ್‌ಗೆ ಸುಮಾರು 19 ಗ್ರಾಂ. ಪ್ರಶ್ನೆ ಕೇಳಿದವರು ಸಾಮಾನು ಸಮೇತ 80 ಕಿಲೋ ಆದರೆ, 177 ಸೆಂ.ಮೀ. ಉದ್ದದ 98ರ ಮೇಲೆ ಅವರ ಒತ್ತಡ ಚದರ ಸೆಂಟಿಮೀಟರ್‌ಗೆ 20 ಗ್ರಾಂ. ನನ್ನ 88 ಮತ್ತು ಅವರ 98 ಹೆಚ್ಚು ಕಡಿಮೆ ಒಂದೇ ಆಳಕ್ಕೆ ಇಳಿಯುತ್ತವೆ. ಅಂಗಡಿಗಳಲ್ಲಿ, ಗೋಷ್ಠಿಗಳಲ್ಲಿ '100ಕ್ಕಿಂತ ಕೆಳಗೆ ನೋಡಬೇಡಿ' ಎಂದು ಹೇಳುವವರೆಲ್ಲ ಎಂಬತ್ತು ತೊಂಬತ್ತು ಕಿಲೋದ ಗಂಡಸರೇ ಆಗಿರುತ್ತಾರೆ ಎಂಬುದನ್ನು ಗಮನಿಸಿದ್ದೇನೆ.

ಅಫರ್ವತ್_ಹುಚ್ಚು

ನಾನು 84. ಆರೋಪ ಒಪ್ಪಿದೆ.

ಮಲ್ಲೇಶ್ವರದ_ಮಂಜಪ್ಪ

ಕೊಡಗಿನವರೇ, ನಿಮ್ಮೂರಿನ ಭವಾನಿ ತೆಕ್ಕಡ ನಂಜುಂಡ ಬೆರಳೆರಡರ ಅಗಲದ ಸ್ಕೀಯಲ್ಲಿ ಪದಕಗಳನ್ನು ಗೆದ್ದಿದ್ದಾರಲ್ಲ, ಅದಕ್ಕೇನು ಹೇಳುತ್ತೀರಿ?

ಕೊಡಗಿನ_ಕುಡಿ

ಅವರದು ನಾರ್ಡಿಕ್ ಕ್ರಾಸ್-ಕಂಟ್ರಿ. ಹಿಮ್ಮಡಿ ಬಿಟ್ಟಿರುತ್ತದೆ, ಒತ್ತಿ ಸಿದ್ಧಪಡಿಸಿದ ಹಾದಿಯಲ್ಲಿ ಕಿಲೋಮೀಟರ್‌ಗಟ್ಟಲೆ ತಳ್ಳಿಕೊಂಡು ಹೋಗಬೇಕು, ಅಲ್ಲಿ ತೇಲುವ ಪ್ರಶ್ನೆಯೇ ಬರುವುದಿಲ್ಲ. ಅವರ ಮೇಲೆ ನನಗೆ ಬಹಳ ಅಭಿಮಾನವಿದೆ, ಆದರೆ ಈ ಪಟ್ಟಿಗೆ ಆ ಸ್ಕೀ ಸೇರುವುದಿಲ್ಲ.

ಮೊಣಕಾಲು_ಕಾವಲು

ನಾನು ಫಿಸಿಯೋಥೆರಪಿಸ್ಟ್. ಪ್ರತಿ ಫೆಬ್ರವರಿಯ ಕೊನೆಗೆ ಕಾಶ್ಮೀರದಿಂದ ಕುಂಟುತ್ತಾ ಬರುವವರನ್ನು ನೋಡುತ್ತೇನೆ. ಅಂಚುಪ್ರಿಯ ಅವರು ಹೇಳಿದ ಆ ಹದಿನೈದು ಮಿ.ಮೀ. ಪಾದದ ಕೀಲಿಗಷ್ಟೇ ಸಂಬಂಧಿಸಿದ್ದಲ್ಲ. ಗಟ್ಟಿ ಹಿಮದಲ್ಲಿ ನೆಲದ ಪ್ರತಿಬಲ ಅಂಚಿನ ಮೂಲಕ ಮೇಲೆ ಬರುತ್ತದೆ. ಅಂಚು ಮೂಳೆಯ ನೇರದಿಂದ ದೂರ ಸರಿದಷ್ಟೂ ಸ್ಕೀಯನ್ನು ಅಂಚಿನ ಮೇಲೆ ಹಿಡಿದಿಡಲು ಮೊಣಕಾಲು ಒಳಕ್ಕೆ ತಿರುಚಿಕೊಂಡು ದುಡಿಯಬೇಕಾಗುತ್ತದೆ. ವರ್ಷವಿಡೀ ಕುರ್ಚಿಯಲ್ಲಿ ಕುಳಿತು, ಹೊರವರ್ತುಲ ರಸ್ತೆಯ ವಾಹನ ದಟ್ಟಣೆಯಲ್ಲಿ ಕ್ಲಚ್ ತುಳಿದ ಕಾಲುಗಳಿಗೆ ಒಮ್ಮೆಲೇ ಈ ಕೆಲಸ ಕೊಟ್ಟರೆ ಮೂರನೆಯ ದಿನ ಅವು ಕೈಕೊಡುತ್ತವೆ. ಮೆತ್ತನೆಯ ಹಿಮದಲ್ಲಿ ಈ ತೊಂದರೆ ಬಹಳ ಕಡಿಮೆ, ಏಕೆಂದರೆ ಅಲ್ಲಿ ಸ್ಕೀಯ ಇಡೀ ತಳ ಒತ್ತಡ ಹೊರುತ್ತದೆ.

ಅಫರ್ವತ್_ಹುಚ್ಚು

ಕಿರಿದಾದ ಸ್ಕೀಯಲ್ಲಿ ಆಳವಾದ ಹಿಮಕ್ಕೆ ಇಳಿದು, ತುದಿ ಮುಳುಗದಿರಲೆಂದು ದಿನವಿಡೀ ಹಿಂದಕ್ಕೆ ವಾಲಿ ನಿಂತವರ ತೊಡೆಗಳ ಪಾಡನ್ನೂ ತಾವು ನೋಡಿರಬೇಕಲ್ಲವೇ? ನೋವಿನ ಲೆಕ್ಕ ಎರಡೂ ಕಡೆಗೆ ಇದೆ.

ಮೊಣಕಾಲು_ಕಾವಲು

ನೋಡಿದ್ದೇನೆ. ತೊಡೆಯ ನೋವು ಎರಡು ದಿನದಲ್ಲಿ ಹೋಗುತ್ತದೆ. ಮೊಣಕಾಲಿನ ಅಸ್ಥಿರಜ್ಜು ಹರಿದರೆ ಆರು ತಿಂಗಳಾದರೂ ಬೇಕು.

ಅಂಚುಪ್ರಿಯ

ತಿರುವಿನ ತ್ರಿಜ್ಯದ, ಅಂದರೆ ಸ್ಕೀಯ ಪಕ್ಕದ ಬಾಗು ಯಾವ ವೃತ್ತದ ಭಾಗವೋ ಅದರ ತ್ರಿಜ್ಯದ, ಮಾತನ್ನು ಯಾರೂ ಎತ್ತಲಿಲ್ಲ. ಸ್ಕೀಯ ಮೇಲೆ 18 ಮೀಟರ್ ಎಂದು ಬರೆದಿದ್ದರೆ, ಅದನ್ನು 60 ಡಿಗ್ರಿಗೆ ಓರೆ ಮಾಡಿದಾಗ ಗಟ್ಟಿ ಹಿಮದಲ್ಲಿ ಅದು ಕೊರೆಯುವ ತಿರುವು ಸುಮಾರು 9 ಮೀಟರ್‌ನದು. 30 ಡಿಗ್ರಿ ಓರೆ ಮಾಡುವವರಿಗೆ ಅದು ಹದಿನೈದೂವರೆ ಮೀಟರ್. ಅಗಲವಾದ ಸ್ಕೀಯನ್ನು ಹೆಚ್ಚು ಓರೆ ಮಾಡುವುದು ಕಷ್ಟ, ಆದ್ದರಿಂದ ಮಧ್ಯಮ ಹಂತದವರಿಗೆ ಅದು ಎಂದೂ ಚಿಕ್ಕ ತಿರುವು ಕೊಡುವುದಿಲ್ಲ; ಅವರು ಕೊರೆಯುವುದನ್ನು ಬಿಟ್ಟು ಜಾರಿಸಲು ಕಲಿಯುತ್ತಾರೆ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಗುಲ್ಮಾರ್ಗ್ ಕಡೆಯ ಆರಿಫ್ ಖಾನ್ ಜಯಂಟ್ ಸ್ಲಾಲಂನಲ್ಲಿ 45ನೆಯವರಾಗಿ ಮುಗಿಸಿದ್ದು ಕನಿಷ್ಠ 30 ಮೀಟರ್ ತ್ರಿಜ್ಯದ ಸ್ಕೀಗಳ ಮೇಲೆ. ಅಂಥ ಸ್ಕೀಯನ್ನು ಬಾಗಿಸುವ ಬಲ ನಮ್ಮಲ್ಲಿ ಯಾರಿಗೂ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ಮಿಶ್ರಲೋಹ

ಆ ಲೆಕ್ಕ ಗಟ್ಟಿ ಹಿಮಕ್ಕೆ ಮಾತ್ರ ಅನ್ವಯಿಸುತ್ತದೆ. ಆಳವಾದ ಹಿಮದಲ್ಲಿ ಸ್ಕೀ ತನ್ನ ಪಕ್ಕದ ಬಾಗಿನಿಂದ ತಿರುಗುವುದಿಲ್ಲ, ಹಿಮದ ಒತ್ತಡಕ್ಕೆ ಉದ್ದಕ್ಕೂ ಮೇಲಕ್ಕೆ ಬಾಗಿ ತಿರುಗುತ್ತದೆ. ಇದನ್ನು ಕೊನೆಯವರೆಗೂ ಎಳೆದು ನೋಡಿದವರು ಸ್ಕೀಯರ್ ಶೇನ್ ಮೆಕಾಂಕಿ. 2002ರಲ್ಲಿ ಬಂದ ಅವರ ವೊಲಾಂಟ್ ಸ್ಪ್ಯಾಟುಲಾ ಎಂಬ ಸ್ಕೀಯಲ್ಲಿ ಕ್ಯಾಂಬರ್ ತಲೆಕೆಳಗು, ಪಕ್ಕದ ಬಾಗೂ ತಲೆಕೆಳಗು. ಗಟ್ಟಿ ಹಿಮಕ್ಕೆ ಅದು ನಿರುಪಯುಕ್ತ, ಆದರೆ ಇಂದಿನ ಆಲ್-ಮೌಂಟನ್ ಸ್ಕೀಗಳ ತುದಿಯಲ್ಲಿರುವ ರಾಕರ್ ಆ ದಾರಿಯಲ್ಲೇ ಬಂದದ್ದು. ಉದ್ದ ಆರಿಸುವಾಗಲೂ ಇದನ್ನು ನೆನಪಿಡಿ: ರಾಕರ್ ಇರುವ 177 ಸೆಂ.ಮೀ. ಸ್ಕೀಯ ಅಂಚು ಗಟ್ಟಿ ಹಿಮವನ್ನು ಪೂರ್ತಿ ಉದ್ದಕ್ಕೆ ಮುಟ್ಟುವುದಿಲ್ಲ, ಅದು ಅಲ್ಲಿ ಗಿಡ್ಡವಾದ ಸ್ಕೀಯಂತೆಯೇ ವರ್ತಿಸುತ್ತದೆ. ಬಾಡಿಗೆಯಲ್ಲಿ 165ರ ಅಭ್ಯಾಸವಾಗಿದೆ ಎಂದು ಇದನ್ನೂ 165ಕ್ಕೆ ಇಳಿಸಬೇಡಿ.

ಚೀಲ_ಹೊತ್ತವ

177ರ ಸ್ಕೀಗೆ ಚೀಲ 185 ಸೆಂ.ಮೀ. ಆಗುತ್ತದೆ ಎಂಬುದನ್ನೂ ನೆನಪಿಡಿ. ದೇವನಹಳ್ಳಿಗೆ ಹೋಗುವ ಚಿಕ್ಕ ಟ್ಯಾಕ್ಸಿಯಲ್ಲಿ ಮುಂದಿನ ಸೀಟನ್ನು ಪೂರಾ ಮಲಗಿಸಿ, ಡ್ಯಾಶ್‌ಬೋರ್ಡ್‌ನಿಂದ ಹಿಂದಿನ ಗಾಜಿನವರೆಗೆ ಓರೆಯಾಗಿ ಇಟ್ಟರೆ ಮಾತ್ರ ಹಿಡಿಸುತ್ತದೆ, ಅದಕ್ಕೆ ಮೊದಲು ಚಾಲಕರನ್ನು ಒಪ್ಪಿಸಬೇಕು. ವರ್ಷವಿಡೀ ಅಭ್ಯಾಸಕ್ಕೆ ಸಿಗುವ ಹಿಮವೆಂದರೆ ದುಬೈನ ಮಾಲಿನೊಳಗಿನ ಸ್ಕೀ ದುಬೈ. 2005ರಲ್ಲಿ ತೆರೆದ ಅಲ್ಲಿನ ಅತಿ ಉದ್ದದ ಓಟ 400 ಮೀಟರ್. ಯಂತ್ರದ ಹಿಮ, ಸದಾ ಒಂದೇ ಹದ, ಸ್ಕೀ ಅಲ್ಲಿಯೇ ಕೊಡುತ್ತಾರೆ. ನಿಮ್ಮ ಹೊಸ ಸ್ಕೀಯ ಗುಣ ಅಲ್ಲಿ ತಿಳಿಯುವುದಿಲ್ಲ, ಅದಕ್ಕಾಗಿ ಹೊತ್ತುಕೊಂಡು ಹೋಗಬೇಡಿ.

ಇಸ್ತ್ರಿಪೆಟ್ಟಿಗೆ

ಇಷ್ಟು ಹೊತ್ತು ಓದಿ ಸುಮ್ಮನಿದ್ದೆ. ಮಾದರಿಯ ಬಗ್ಗೆ ನಡೆಯುತ್ತಿರುವ ಈ ವಾದದಲ್ಲಿ ಅರ್ಧಕ್ಕರ್ಧ, ಹದ ಕೆಟ್ಟ ಸ್ಕೀಗಳ ಮೇಲೆ ರೂಪುಗೊಂಡ ಅಭಿಪ್ರಾಯ ಎಂದು ನನ್ನ ಬಲವಾದ ನಂಬಿಕೆ. ಹರಿತವಾದ 98, ಮೊಂಡಾದ 88ಕ್ಕಿಂತ ಮಂಜುಗಡ್ಡೆಯ ಮೇಲೆ ಚೆನ್ನಾಗಿ ನಿಲ್ಲುತ್ತದೆ. ಹೆಬ್ಬೆರಳಿನ ಉಗುರನ್ನು ಅಂಚಿಗೆ ಅಡ್ಡಲಾಗಿ ಇಟ್ಟು ಮೆಲ್ಲಗೆ ಎಳೆಯಿರಿ. ಉಗುರಿನಿಂದ ಬಿಳಿಯ ಪುಡಿ ಏಳಬೇಕು. ಏಳದೆ ಜಾರಿದರೆ ಆ ಸ್ಕೀಯ ಬಗ್ಗೆ ಯಾವ ತೀರ್ಪನ್ನೂ ಕೊಡಬೇಡಿ. 88 ಡಿಗ್ರಿಯ ಅಂಚಿನ ಮಾರ್ಗದರ್ಶಿ, ಒಂದು ಅರ, ಒಂದು ವಜ್ರದ ಕಲ್ಲು, ಇಷ್ಟು ಅಂಗೈಯಲ್ಲಿ ಹಿಡಿಸುವ ಸಾಮಾನು.

ಮೇಣದ ವಿಷಯವೂ ಹೀಗೆಯೇ. ಸ್ಕೀ ಜಾರುವುದು ಉಜ್ಜುವಿಕೆಯ ಶಾಖಕ್ಕೆ ಹಿಮದ ಮೇಲ್ಮೈ ಕರಗಿ ಉಂಟಾಗುವ ತೆಳುವಾದ ನೀರಿನ ಪೊರೆಯ ಮೇಲೆ ಎಂದು ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು 1939ರಲ್ಲೇ ವಾದಿಸಿದ್ದರು. ಬಹಳ ತಣ್ಣಗಿನ ಹಿಮದಲ್ಲಿ ಆ ನೀರು ಸಾಲದೆ ಸ್ಕೀ ಮರಳಿನ ಮೇಲೆ ಓಡಿದಂತೆ ತಡೆಯುತ್ತದೆ, ಅದಕ್ಕೆ ಗಟ್ಟಿ ಮೇಣ ಬೇಕು. ಮಾರ್ಚ್ ಮಧ್ಯಾಹ್ನದ ಕೆಸರಿನಲ್ಲಿ ನೀರು ಹೆಚ್ಚಾಗಿ ತಳವನ್ನು ಹೀರಿ ಹಿಡಿಯುತ್ತದೆ, ಅದಕ್ಕೆ ಮೃದುವಾದ ಬೆಚ್ಚನೆಯ ಮೇಣ ಮತ್ತು ತಳದಲ್ಲಿ ನೀರು ಹರಿದುಹೋಗುವಂಥ ಗೆರೆಗಳು ಬೇಕು. ಸಮತಟ್ಟಾದ ಜಾಗದಲ್ಲಿ ಸ್ಕೀ ತಟ್ಟನೆ ನಿಂತು ಮುಂದಕ್ಕೆ ಮುಗ್ಗರಿಸಿದವರು ಸ್ಕೀಯ ಅಗಲವನ್ನು ಬೈಯುವುದನ್ನು ಕೇಳಿದ್ದೇನೆ.

ಇನ್ನು ಬೆಂಗಳೂರಿನ ಮಾತು. ಸ್ಕೀ ವರ್ಷದ ಬಹುಕಾಲ ಅಟ್ಟದ ಮೇಲಿರುತ್ತದೆ, ಜೂನ್‌ನಿಂದ ಅಕ್ಟೋಬರ್‌ವರೆಗೆ ಗಾಳಿಯಲ್ಲಿ ತೇವವಿರುತ್ತದೆ. ಮನೆಗೆ ಬಂದ ದಿನವೇ ಚೀಲದಿಂದ ತೆಗೆದು ಒರೆಸಿ, ಅಂಚು ಸೇರಿಸಿ ತಳಕ್ಕೆಲ್ಲ ದಪ್ಪಗೆ ಮೇಣ ಬಳಿದು, ಕೆರೆಯದೆ ಹಾಗೆಯೇ ಬಿಡಿ. ಚೀಲದೊಳಗೇ ಇಟ್ಟರೆ ತುಕ್ಕಿಗೆ ನೀವೇ ಮನೆ ಕಟ್ಟಿಕೊಟ್ಟಂತೆ.

ಚೀಲ_ಹೊತ್ತವ

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನ ಸ್ಪ್ರಿಂಗನ್ನು ಸಡಿಲಿಸಿ ಇಡಬೇಕು ಎನ್ನುತ್ತಾರಲ್ಲ?

ಮಿಶ್ರಲೋಹ

ಅಗತ್ಯವಿಲ್ಲ. ಆ ಸ್ಪ್ರಿಂಗ್ ತನ್ನ ಮಿತಿಯೊಳಗೆ ಒತ್ತಿಕೊಂಡಿದ್ದರೆ ಒಂದು ಮಳೆಗಾಲಕ್ಕೆ ಸೋಲುವುದಿಲ್ಲ. ಸಡಿಲಿಸಿ ಮರೆತು, ಮುಂದಿನ ಚಳಿಗಾಲದ ಮೊದಲ ತಿರುವಿನಲ್ಲೇ ಸ್ಕೀ ಕಳಚಿಕೊಂಡು ಬೀಳುವುದು ಹೆಚ್ಚಿನ ಅಪಾಯ.

ಕೊಡಗಿನ_ಕುಡಿ

ಇನ್ನೊಂದು ಮಾತು. ಅಗಲವಾದ ಸ್ಕೀ ಕೊಂಡವರು ಅದಕ್ಕೆ ಕೆಲಸ ಕೊಡಲೆಂದೇ ಗಡಿ ಗುರುತಿನ ಹಗ್ಗದ ಆಚೆಗೆ ಹೋಗುತ್ತಾರೆ. ಹಿಮಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ, ಅಂದರೆ ಪೌಡರ್ ಆಡಲು ಎಲ್ಲರೂ ಹುಡುಕುವ ಇಳಿಜಾರುಗಳಲ್ಲೇ. 2024ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನ ಮೇಲ್ಭಾಗದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ವಿದೇಶಿ ಸ್ಕೀಯರ್ ಒಬ್ಬರು ಸತ್ತರು. ಹಿಮದಡಿ ಸಿಕ್ಕವರನ್ನು ಪತ್ತೆಹಚ್ಚುವ ಟ್ರಾನ್ಸ್‌ಸೀವರ್, ಸಲಿಕೆ, ಹುಡುಕುಕೋಲು ಈ ಮೂರೂ ಇಲ್ಲದೆ, ಬಳಸಲು ಕಲಿಯದೆ, ಸ್ಥಳೀಯ ಮಾರ್ಗದರ್ಶಕರಿಲ್ಲದೆ ಹೋಗುವುದಾದರೆ ಯಾವ ಅಗಲದ ಸ್ಕೀಯೂ ಬೇಡ.

ಅಫರ್ವತ್_ಹುಚ್ಚು

ಈ ಮಾತಿಗೆ ನನ್ನದೂ ಒಂದು ಸಹಿ. ಗಸ್ತಿನವರು ಎರಡನೆಯ ಹಂತದ ಇಳಿಜಾರನ್ನು ಮುಚ್ಚಿದ ದಿನ ಅದು ಮುಚ್ಚಿದೆ ಎಂದೇ ತಿಳಿಯಬೇಕು.

ಬಸವನಗುಡಿ_ಇಳಿಜಾರು

ಎಲ್ಲರಿಗೂ ಧನ್ಯವಾದ. 88 ಮತ್ತು 100 ಎರಡನ್ನೂ ಪಟ್ಟಿಯಿಂದ ತೆಗೆದಿದ್ದೇನೆ, ಇದರಿಂದ ಮಂಜಪ್ಪನವರ ಭವಿಷ್ಯ ಅರ್ಧ ನಿಜವಾಯಿತು. ಎನ್‌ಫೋರ್ಸರ್ 94 ಮತ್ತು ರಿಪ್‌ಸ್ಟಿಕ್ 96ರ ನಡುವೆ, ನನ್ನ ತೂಕಕ್ಕೂ ಕಾಡಿನೊಳಗಿನ ತಿರುವುಗಳಿಗೂ ಲೋಹವಿಲ್ಲದ ರಿಪ್‌ಸ್ಟಿಕ್ ಹೊಂದುತ್ತದೆ ಎನ್ನಿಸುತ್ತಿದೆ. ಚೂರಾದ ಹಿಮದಲ್ಲಿ ಅದು ಕುಣಿದರೆ ನಿಧಾನಿಸುತ್ತೇನೆ. ಉದ್ದ 170ರ ಆಸುಪಾಸಿನದಲ್ಲ, ಅದಕ್ಕಿಂತ ಮೇಲಿನದು. ಇನ್ನು ಬೈಂಡಿಂಗ್ ಮತ್ತು ಬೂಟು ಎರಡನ್ನೂ ಅಲ್ಲಿಂದಲೇ ತರಿಸಬಹುದೇ?

ಅಂಚುಪ್ರಿಯ

94 ತೆಗೆದುಕೊಳ್ಳಬೇಕಿತ್ತು. ಇರಲಿ.

ಬೈಂಡಿಂಗ್ ತರಿಸಿ, ಬೂಟು ತರಿಸಬೇಡಿ. ಬೂಟನ್ನು ನಿಮ್ಮ ಕಾಲನ್ನೇ ಅಳೆದು ಕೊಳ್ಳಬೇಕು. ಇನ್ನೊಬ್ಬರು ಅಂಗಡಿಯಲ್ಲಿ ನಿಂತು ನಿಮ್ಮ ಪಾದದ ಅಗಲವನ್ನು ಊಹಿಸಲಾರರು. ಈಗಾಗಲೇ ಬೂಟು ಇದ್ದರೆ ಅದರ ಅಟ್ಟೆ ಯಾವ ಬಗೆಯದೆಂದು ಮೊದಲು ನೋಡಿ. ನಡೆಯಲು ಸುಲಭವಾಗುವಂತೆ ಬಾಗಿಸಿದ ಗ್ರಿಪ್‌ವಾಕ್ ಅಟ್ಟೆಯಾದರೆ ಅದಕ್ಕೆ ಹೊಂದುವ ಗುರುತಿರುವ ಬೈಂಡಿಂಗ್ ಬೇಕು, ಹಳೆಯ ಚಪ್ಪಟೆ ಅಟ್ಟೆಯ ಬೈಂಡಿಂಗ್‌ನಲ್ಲಿ ಅದು ಸರಿಯಾಗಿ ಬಿಡಿಸಿಕೊಳ್ಳುವುದಿಲ್ಲ. ಬೈಂಡಿಂಗ್‌ನ ಬ್ರೇಕಿನ ಅಗಲ ಸ್ಕೀಯ ನಡುವಿಗಿಂತ ತುಸು ಹೆಚ್ಚಿರಬೇಕು. 96ಕ್ಕೆ 100 ಅಥವಾ 105 ಸಾಕು, 115 ತೆಗೆದುಕೊಂಡರೆ ಓರೆ ಮಾಡಿದಾಗ ಬ್ರೇಕಿನ ತೋಳು ಹಿಮಕ್ಕೆ ತಗಲುತ್ತದೆ. ಜೋಡಿಸುವಾಗ ಬೂಟಿನ ಅಟ್ಟೆಯ ಉದ್ದ ಮಿ.ಮೀ.ನಲ್ಲಿ ಬೇಕಾಗುತ್ತದೆ, ಅದು ಬೂಟಿನ ಹಿಮ್ಮಡಿಯ ಪಕ್ಕದಲ್ಲಿ ಅಚ್ಚಾಗಿರುತ್ತದೆ. ಅದರ ಚಿತ್ರವನ್ನು, ನಿಮ್ಮ ತೂಕ, ಎತ್ತರ, ವಯಸ್ಸು ಮತ್ತು ಮಟ್ಟದ ಜೊತೆಗೆ, ಸಹೋದ್ಯೋಗಿಗೆ ಇಂದೇ ಕಳುಹಿಸಿ.